ಮುಟ್ಟಿದ್ದಕ್ಕೆ ರುಜು

ಒಂದು ಕಂಪ್ಯೂಟರಿನಿಂದ ನಲವತ್ತು ಕಂಪ್ಯೂಟರಿಗೆ ಫೈಲು ಕಳಿಸುವ ಸ್ಕ್ರಿಪ್ಟನ್ನು ಯಾರೂ ದೊಡ್ಡ ಪ್ರೋಗ್ರಾಮು ಎಂದು ಕರೆಯುವುದಿಲ್ಲ. ಬರೆದವನ ಬಯೋಡೇಟಾದಲ್ಲೂ ಅದಕ್ಕೆ ಜಾಗವಿಲ್ಲ. ಪಟ್ಟಿಯಿಂದ ಒಂದು ಹೆಸರು ಎತ್ತಿಕೋ, ಫೈಲು ಕಳಿಸು, ಮುಂದಿನ ಹೆಸರಿಗೆ ಹೋಗು: ಹತ್ತು ಸಾಲಿನಲ್ಲಿ ಕಥೆ ಮುಗಿಯಿತು. ಆದರೆ ಕಾಲೇಜಿನ ಲ್ಯಾಬಾಗಲಿ, ಊರೂರಿಗೆ ಶಾಖೆ ಇರುವ ಕಚೇರಿಯಾಗಲಿ, ಸಿಸ್ಟಂ ನೋಡಿಕೊಳ್ಳುವವರ ಸಂಜೆಗಳನ್ನು ಹಾಳುಮಾಡುವುದರಲ್ಲಿ ಈ ಹತ್ತು ಸಾಲಿನದು ಎತ್ತಿದ ಕೈ. ಹದಿನೇಳು ಯಂತ್ರಕ್ಕೆ ಫೈಲು ಹೋಗಿದೆ, ಉಳಿದವಕ್ಕೆ ಇಲ್ಲ. ಅಥವಾ ಎಲ್ಲಕ್ಕೂ ಹೋಗಿದೆ ಎಂದು ಸ್ಕ್ರಿಪ್ಟು ಹೇಳುತ್ತಿದೆ, ಫೋನು ಮಾಡಿದವರು ಇಲ್ಲ ಎನ್ನುತ್ತಿದ್ದಾರೆ. ಆಗ ಶುರುವಾಗುವ ಹುಡುಕಾಟಕ್ಕೆ ಒಂದು ರೂಢಿಯ ಕ್ರಮವಿದೆ. ಮೊದಲು ನೆಟ್‌ವರ್ಕನ್ನು ಬೈಯುವುದು, ಆಮೇಲೆ ಫೈರ್‌ವಾಲು, ಆಮೇಲೆ ಆಂಟಿವೈರಸ್, ಕೊನೆಗೆ ಸ್ಕ್ರಿಪ್ಟಿನಲ್ಲಿ ಒಂದೇ ಉಸಿರಿಗೆ ಆರು ಕಡೆ ತಿದ್ದುವುದು. ಈ ಕ್ರಮ ಬುಡದಲ್ಲೇ ತಪ್ಪು ಎಂಬುದು ನನ್ನ ವಾದ. ಸ್ಕ್ರಿಪ್ಟು ಏನು ಹೇಳಿದರೂ ಅದು ಕಳಿಸುವ ತುದಿಯ ಹೇಳಿಕೆ. ಫೈಲು ಇರಬೇಕಾದ್ದು ಆಚೆ ತುದಿಯಲ್ಲಿ. ಹುಡುಕಾಟ ಅಲ್ಲಿಂದ ಶುರುವಾಗಬೇಕು.

ಲಿನಕ್ಸ್ ಬಳಸುವವರಿಗೆ ಎಸ್‌ಸಿಪಿ ಕಮಾಂಡ್ ಗೊತ್ತಿರುತ್ತದೆ. ಮೊದಲು ಫೈಲಿನ ಹೆಸರು, ಆಮೇಲೆ ದೂರದ ಕಂಪ್ಯೂಟರಿನ ಹೆಸರು, ಅದರ ಬೆನ್ನಿಗೆ ಒಂದು ಕೋಲನ್. ಈ ಕೋಲನ್ ಹಾಕಲು ಮರೆತರೆ ಎರರ್ ಬರಬೇಕು ತಾನೆ? ಬರುವುದಿಲ್ಲ. ಕೋಲನ್ ಇಲ್ಲದ ಹೆಸರನ್ನು ಎಸ್‌ಸಿಪಿ ಇದೇ ಕಂಪ್ಯೂಟರಿನ ಫೈಲಿನ ಹೆಸರು ಎಂದುಕೊಂಡು, ಆ ಹೆಸರಿನಲ್ಲಿ ಇಲ್ಲಿಯೇ ಇನ್ನೊಂದು ಪ್ರತಿ ತೆಗೆದು ಸುಮ್ಮನಾಗುತ್ತದೆ. ನೆಟ್‌ವರ್ಕನ್ನು ಅದು ಮುಟ್ಟಿಯೇ ಇರುವುದಿಲ್ಲ. ಪ್ರತಿ ಕಮಾಂಡೂ ಮುಗಿಯುವಾಗ ಎಕ್ಸಿಟ್ ಕೋಡ್ ಎಂಬ ಅಂಕಿಯೊಂದನ್ನು ಬಿಟ್ಟುಹೋಗುತ್ತದೆ. ಸೊನ್ನೆ ಎಂದರೆ ಎಲ್ಲವೂ ಸುಸೂತ್ರ ಎಂದರ್ಥ. ಇಲ್ಲೂ ಅದು ಸೊನ್ನೆಯೇ. ಸುಳ್ಳೇನೂ ಅಲ್ಲ: ತಾನು ತಿಳಿದುಕೊಂಡ ಕೆಲಸವನ್ನು ಅದು ಸರಿಯಾಗಿಯೇ ಮಾಡಿದೆ. ವಿಂಡೋಸಿನಲ್ಲಿ ಇದರ ತಿರುಗುಮುರುಗು ನೋಡಬಹುದು. ಅಲ್ಲಿನ ರೋಬೋಕಾಪಿ ಫೈಲುಗಳನ್ನು ಸರಿಯಾಗಿ ಕಾಪಿ ಮಾಡಿದಾಗ ಬಿಡುವ ಅಂಕಿ 1. ಕಾಪಿ ಮಾಡಲು ಏನೂ ಇರದಿದ್ದರೆ 0. 8 ಅಥವಾ ಅದಕ್ಕೆ ಮೇಲ್ಪಟ್ಟು ಬಂದಾಗ ಮಾತ್ರ ನಿಜವಾದ ತೊಂದರೆ. ಸೊನ್ನೆ ಅಲ್ಲದ್ದೆಲ್ಲ ತಪ್ಪು ಎಂಬ ಅಭ್ಯಾಸಬಲದಲ್ಲಿ ಬರೆದ ಸ್ಕ್ರಿಪ್ಟು, ಕೆಲಸ ಆದ ದಿನ ಬೊಬ್ಬೆ ಹೊಡೆಯುತ್ತದೆ, ಏನೂ ಆಗದ ದಿನ ಶಹಬ್ಬಾಸ್ ಎನ್ನುತ್ತದೆ.

ಇವೆರಡಕ್ಕಿಂತ ಕಿಲಾಡಿಯಾದದ್ದು ಇನ್ನೊಂದಿದೆ. ಕಂಪ್ಯೂಟರುಗಳ ಹೆಸರನ್ನು ಒಂದು ಫೈಲಿನಲ್ಲಿ ಸಾಲಾಗಿ ಬರೆದು, ಸ್ಕ್ರಿಪ್ಟು ಆ ಫೈಲಿನಿಂದ ಒಂದೊಂದು ಸಾಲು ಓದುತ್ತ, ಪ್ರತಿ ಯಂತ್ರಕ್ಕೂ ಫೈಲು ಕಳಿಸಿ, ಆಮೇಲೆ ಎಸ್‌ಎಸ್‌ಎಚ್ ಮೂಲಕ ಅಲ್ಲಿ ಒಂದು ಸರ್ವೀಸನ್ನು ರೀಸ್ಟಾರ್ಟ್ ಮಾಡುವಂತೆ ಬರೆಯುವುದು ಎಲ್ಲೆಡೆ ಇರುವ ಪದ್ಧತಿ. ಓಡಿಸಿ ನೋಡಿದರೆ ಮೊದಲ ಯಂತ್ರದ ಕೆಲಸ ಅಚ್ಚುಕಟ್ಟಾಗಿ ಆಗುತ್ತದೆ. ಅಲ್ಲಿಗೆ ಸ್ಕ್ರಿಪ್ಟು ಮುಗಿದುಹೋಗುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಎಕ್ಸಿಟ್ ಕೋಡ್ ಸೊನ್ನೆ. ಆಗಿರುವುದು ಇಷ್ಟು: ಎಸ್‌ಎಸ್‌ಎಚ್‌ಗೆ ತನ್ನ ಕಡೆ ಬರುವ ಇನ್‌ಪುಟ್ಟನ್ನೆಲ್ಲ ದೂರದ ಯಂತ್ರಕ್ಕೆ ದಾಟಿಸುವ ಸ್ವಭಾವ. ಲೂಪಿನ ಒಳಗೆ ಅದಕ್ಕೆ ಸಿಗುವ ಇನ್‌ಪುಟ್ ಯಾವುದು? ಹೆಸರಿನ ಪಟ್ಟಿಯೇ. ಉಳಿದ ಮೂವತ್ತೊಂಬತ್ತು ಹೆಸರುಗಳನ್ನೂ ಅದು ನುಂಗಿ ಮೊದಲ ಯಂತ್ರಕ್ಕೆ ದಬ್ಬಿಬಿಡುತ್ತದೆ. ಲೂಪು ಮುಂದಿನ ಹೆಸರು ಕೇಳಿದಾಗ ಪಟ್ಟಿ ಖಾಲಿ. ಪಟ್ಟಿ ಖಾಲಿಯಾದರೆ ಲೂಪು ನಿಲ್ಲಬೇಕಾದ್ದೇ ನ್ಯಾಯ. ಎಸ್‌ಎಸ್‌ಎಚ್ ಪಕ್ಕದಲ್ಲಿ ಒಂದು ಅಡ್ಡಗೆರೆ ಮತ್ತು ಎನ್ ಅಕ್ಷರ ಸೇರಿಸಿದರೆ ರೋಗ ವಾಸಿ. ಆದರೆ ಈ ಮದ್ದು ಹೊಳೆಯುವುದು, ಎರಡನೆಯ ಯಂತ್ರದಿಂದ ಮುಂದಕ್ಕೆ ಯಾವುದರಲ್ಲೂ ಫೈಲು ಇಲ್ಲ ಎಂಬುದನ್ನು ಯಾರಾದರೂ ಹೋಗಿ ಕಂಡ ಮೇಲೆ. ಸ್ಕ್ರಿಪ್ಟಿನ ಲಾಗನ್ನು ಎಷ್ಟು ತಿರುವಿದರೂ ಅಲ್ಲಿ ಸಿಗುವುದು ಯಶಸ್ಸಿನ ದಾಖಲೆ ಮಾತ್ರ.

ರಿಜಿಸ್ಟರ್ ಪೋಸ್ಟು ಕಳಿಸಿ ಅಭ್ಯಾಸವಿದ್ದವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಕೌಂಟರಿನಲ್ಲಿ ಕೊಡುತ್ತಿದ್ದ ರಸೀತಿ ಒಂದು, ವಿಳಾಸದಾರರ ರುಜು ಹೊತ್ತು ವಾಪಸು ಬರುತ್ತಿದ್ದ ಅಕ್ನಾಲೆಜ್‌ಮೆಂಟ್ ಕಾರ್ಡು ಇನ್ನೊಂದು. ಕೋರ್ಟಿನಲ್ಲಿ ನೋಟೀಸು ಮುಟ್ಟಿಲ್ಲ ಎಂಬ ತಕರಾರು ಎದ್ದಾಗ ವಕೀಲರು ತಡಕಾಡುತ್ತಿದ್ದದ್ದು ಎರಡನೆಯದಕ್ಕೆ. ಎಕ್ಸಿಟ್ ಕೋಡ್ ಎಂಬುದು ಕೌಂಟರಿನ ರಸೀತಿ. ಅದನ್ನೇ ರುಜು ಎಂದುಕೊಂಡು ನಾವು ಮನೆಗೆ ಹೋಗುತ್ತೇವೆ.

ಸರಿ, ಯಶಸ್ಸಿನ ಮಾತನ್ನು ನಂಬಬಾರದು. ಸೋಲಿನ ಮಾತನ್ನಾದರೂ ನಂಬಬಹುದಲ್ಲ ಎಂದರೆ, ಅದೂ ಅದೇ ಗೋತ್ರದ್ದು. ಎರರ್ ಮೆಸೇಜ್ ಎಂದರೆ ಈ ತುದಿಯವನಿಗೆ ಅರ್ಥವಾದಷ್ಟು ಸಂಗತಿ. ಓಪನ್‌ಎಸ್‌ಎಸ್‌ಎಚ್‌ನ 9.0 ಆವೃತ್ತಿ 2022ರ ಏಪ್ರಿಲಿನಲ್ಲಿ ಬಂದಾಗ ಎಸ್‌ಸಿಪಿ ತನ್ನ ಹಳೆಯ ಸಂಭಾಷಣಾ ಕ್ರಮವನ್ನು ಬಿಟ್ಟು, ಫೈಲು ಕಳಿಸುವ ಇನ್ನೊಂದು ಕಮಾಂಡಾದ ಎಸ್‌ಎಫ್‌ಟಿಪಿಯದನ್ನು ರೂಢಿ ಮಾಡಿಕೊಂಡಿತು. ಅಂದಿನಿಂದ ಈ ಎರರ್ ಎಸ್‌ಸಿಪಿಯಲ್ಲೂ ತಲೆಹಾಕಬಹುದು: ‘ರಿಸೀವ್ಡ್ ಮೆಸೇಜ್ ಟೂ ಲಾಂಗ್ 1466264675’. ಬಂದ ಸಂದೇಶ ನೂರ ನಲವತ್ತು ಕೋಟಿ ಬೈಟಿಗಿಂತ ಉದ್ದ! ನೋಡಿದವರು ನೆಟ್‌ವರ್ಕ್ ಕೆಟ್ಟಿದೆ, ಇಲ್ಲವೇ ಯಾರೋ ದಾಳಿ ಮಾಡುತ್ತಿದ್ದಾರೆ ಎಂದು ಗಾಬರಿಯಾದರೆ ಆಶ್ಚರ್ಯವಿಲ್ಲ. ಆದರೆ ಆ ಸಂಖ್ಯೆಯನ್ನು ಹತ್ತಿರದಿಂದ ನೋಡಿ. ಅದನ್ನು ನಾಲ್ಕು ಬೈಟುಗಳಾಗಿ ಬಿಡಿಸಿದರೆ 87, 101, 108, 99 ಸಿಗುತ್ತವೆ. ಕಂಪ್ಯೂಟರಿನ ಅಕ್ಷರಪಟ್ಟಿಯಲ್ಲಿ ಇವು ಇಂಗ್ಲಿಷಿನ ಡಬ್ಲ್ಯು, ಇ, ಎಲ್, ಸಿ. ದೂರದ ಯಂತ್ರದಲ್ಲಿ ಯಾರೋ ಪುಣ್ಯಾತ್ಮರು ಲಾಗಿನ್ ಆದವರಿಗೆಲ್ಲ ವೆಲ್‌ಕಮ್ ಹೇಳುವ ಒಂದು ಸಾಲನ್ನು ಶೆಲ್ಲಿನ ಆರಂಭದ ಫೈಲಿನಲ್ಲಿ ಬರೆದಿಟ್ಟಿದ್ದಾರೆ. ಎಸ್‌ಎಫ್‌ಟಿಪಿಯ ಒಪ್ಪಂದದ ಪ್ರಕಾರ ಮೊದಲ ನಾಲ್ಕು ಬೈಟು ಎಂದರೆ ಮುಂದೆ ಬರುವ ಸಂದೇಶದ ಉದ್ದ. ಬಂದದ್ದು ಸ್ವಾಗತ, ಓದಿಕೊಂಡದ್ದು ಉದ್ದ. ಸ್ವಾಗತ ಕನ್ನಡದಲ್ಲಿದ್ದು ‘ನಮಸ್ಕಾರ’ ಎಂದಿದ್ದರೆ ಸಂಖ್ಯೆ 3769805024 ಆಗುತ್ತಿತ್ತು: ‘ನ’ದ ಮೂರು ಬೈಟು, ‘ಮ’ದ ಮೊದಲನೆಯ ಬೈಟು. ಎರರನ್ನು ಹೇಳಿದಂತೆಯೇ ನಂಬಿದವರು ನೆಟ್‌ವರ್ಕ್ ಕೇಬಲ್ಲು ಬದಲಾಯಿಸುತ್ತಾರೆ. ಆಚೆ ಯಂತ್ರಕ್ಕೆ ಲಾಗಿನ್ ಆಗಿ ಅದು ಮೊದಲು ಏನು ಮಾತಾಡುತ್ತದೆ ಎಂದು ನೋಡಿದವರು ಆ ಸಾಲನ್ನು ಅಳಿಸಿ ಚಹಾಕ್ಕೆ ಹೋಗುತ್ತಾರೆ. (ಈಚಿನ ಆವೃತ್ತಿಗಳು, ಆಚೆಯ ಶೆಲ್ಲು ಏನನ್ನೂ ಮಾತಾಡದಂತೆ ನೋಡಿಕೊಳ್ಳಿ ಎಂದು ಇನ್ನೊಂದು ಸಾಲಿನಲ್ಲಿ ಸೂಚಿಸುತ್ತವೆ. ಎರರಿನ ಎರಡನೆಯ ಸಾಲು ಓದುವ ತಾಳ್ಮೆ ಮಾತ್ರ ಸಾಫ್ಟ್‌ವೇರಿನ ಜೊತೆ ಬರುವುದಿಲ್ಲ.)

ಈ ವಾದ ಹೊಸದೇನಲ್ಲ. ಜೆರೋಮ್ ಸಾಲ್ಟ್‌ಜರ್, ಡೇವಿಡ್ ರೀಡ್, ಡೇವಿಡ್ ಕ್ಲಾರ್ಕ್ ಎಂಬ ಎಂಐಟಿಯ ಮೂವರು 1981ರಲ್ಲಿ ಮಂಡಿಸಿ 1984ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಪ್ರಬಂಧವೊಂದಿದೆ. ನೆಟ್‌ವರ್ಕ್ ಓದುವ ವಿದ್ಯಾರ್ಥಿಗಳಿಗೆ ‘ಎಂಡ್ ಟು ಎಂಡ್’ ವಾದ ಎಂದು ಇಂದಿಗೂ ಪಾಠ ಮಾಡುವುದು ಅದನ್ನೇ. ಅವರು ಎತ್ತಿಕೊಂಡ ಮೊದಲ ಉದಾಹರಣೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಫೈಲು ಕಾಪಿ ಮಾಡುವುದು ಎಂಬುದು ನಮ್ಮ ಹತ್ತು ಸಾಲಿನ ಸ್ಕ್ರಿಪ್ಟಿಗೆ ಸಂದ ಗೌರವ. ಅದರಲ್ಲಿ ಎಂಐಟಿಯಲ್ಲೇ ನಡೆದ ಒಂದು ಫಜೀತಿಯ ವಿವರವಿದೆ. ಅಲ್ಲಿ ಹಲವು ಸ್ಥಳೀಯ ನೆಟ್‌ವರ್ಕುಗಳನ್ನು ಗೇಟ್‌ವೇ ಯಂತ್ರಗಳು ಬೆಸೆದಿದ್ದವು. ಒಂದು ಗೇಟ್‌ವೇಯಿಂದ ಇನ್ನೊಂದಕ್ಕೆ ಹೋಗುವ ಪ್ರತಿ ಹಾದಿಯಲ್ಲೂ ಡೇಟಾ ಕೆಟ್ಟಿದೆಯೇ ಎಂದು ಚೆಕ್‌ಸಮ್ ಹಾಕಿ ಪರೀಕ್ಷಿಸುತ್ತಿದ್ದರು. ಅದನ್ನು ಬಲ್ಲ ಪ್ರೋಗ್ರಾಮರುಗಳು ಇನ್ನೇನು ಭಯ ಎಂದು ನಿಶ್ಚಿಂತರಾಗಿದ್ದರು. ಅಷ್ಟರಲ್ಲಿ ಒಂದು ಗೇಟ್‌ವೇಗೆ ವಿಚಿತ್ರ ಕಾಯಿಲೆ ಹತ್ತಿತು: ಬಂದ ಡೇಟಾವನ್ನು ತನ್ನೊಳಗೆ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಎತ್ತಿಡುವಾಗ, ಸುಮಾರು ಹತ್ತು ಲಕ್ಷ ಬೈಟಿಗೊಮ್ಮೆ ಒಂದು ಜೊತೆ ಬೈಟುಗಳನ್ನು ಅದಲುಬದಲು ಮಾಡತೊಡಗಿತು. ತಂತಿಯ ಮೇಲೆ ಎಲ್ಲ ಸರಿ, ತಪ್ಪು ಆಗುತ್ತಿದ್ದದ್ದು ಪೆಟ್ಟಿಗೆಯ ಒಳಗೆ. ಪ್ರತಿ ಹಾದಿಯ ಪರೀಕ್ಷೆಯೂ ಪಾಸು. ಒಂದು ಆಪರೇಟಿಂಗ್ ಸಿಸ್ಟಮ್ಮಿನ ಮೂಲ ಫೈಲುಗಳು ಈ ಗೇಟ್‌ವೇಯ ಮೂಲಕ ಮತ್ತೆ ಮತ್ತೆ ಓಡಾಡಿ, ಕೆಲವು ಒಳಗೊಳಗೇ ಕೆಟ್ಟುಹೋದವು. ಕೊನೆಗೆ ಅವುಗಳ ಒಡೆಯರು ಹಳೆಯ ಪ್ರಿಂಟೌಟು ಹರಡಿಕೊಂಡು ಕೈಯಾರೆ ತಾಳೆ ನೋಡಿ ತಿದ್ದಬೇಕಾಯಿತು.

ಇದು ನಲವತ್ತು ವರ್ಷದ ಹಿಂದಿನ ಮಾತು, ಈಗ ಎಸ್‌ಎಸ್‌ಎಚ್ ಇದೆಯಲ್ಲ ಎಂಬ ಆಕ್ಷೇಪಣೆ ಬಂದೇ ಬರುತ್ತದೆ, ಮತ್ತು ಅದರಲ್ಲಿ ಅರ್ಧ ಸತ್ಯವಿದೆ. ಇಂಟರ್‌ನೆಟ್ಟಿನ ಟಿಸಿಪಿ ಹಾಕುವ ಚೆಕ್‌ಸಮ್ ಬಹಳ ಬಡಕಲು: ಎರಡೆರಡು ಬೈಟುಗಳ ಗುಂಪನ್ನು ಕೂಡಿಸುವ ಲೆಕ್ಕ ಅದು, ಗುಂಪುಗಳು ಸ್ಥಾನ ಬದಲಾಯಿಸಿದರೆ ಮೊತ್ತ ಕದಲುವುದಿಲ್ಲ. ಎಸ್‌ಎಸ್‌ಎಚ್ ಅದರ ಮೇಲೆ ಗಟ್ಟಿಯಾದ ಕಾವಲು ಹಾಕುತ್ತದೆ. ದಾರಿಯಲ್ಲಿ ಒಂದು ಬಿಟ್ ಬದಲಾದರೂ ಸಂಪರ್ಕವನ್ನೇ ಕಡಿದುಹಾಕುತ್ತದೆ. ಎಂಐಟಿಯ ಗೇಟ್‌ವೇ ಇಂದು ಅಡ್ಡ ಬಂದಿದ್ದರೆ ಮೊದಲ ಅದಲುಬದಲಿಗೇ ಸಿಕ್ಕಿಬೀಳುತ್ತಿತ್ತು. ಒಪ್ಪೋಣ. ಆದರೆ ಹೆಲ್ಸಿಂಕಿಯ ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿದ್ದ ತತು ಯ್ಲೋನೆನ್ 1995ರಲ್ಲಿ ಎಸ್‌ಎಸ್‌ಎಚ್ ಬರೆದದ್ದು, ಅಲ್ಲಿನ ನೆಟ್‌ವರ್ಕಿನಲ್ಲಿ ಪಾಸ್‌ವರ್ಡ್ ಕದ್ದು ಕೇಳುವವರ ಕಾಟ ಆದ ಮೇಲೆ. ದಾರಿಯಲ್ಲಿರುವ ಕಳ್ಳನನ್ನು ತಡೆಯುವುದು ಅದರ ಕೆಲಸ. ಬೇರೆ ಡೈರೆಕ್ಟರಿಗೆ ಕಳಿಸುವ ಸ್ಕ್ರಿಪ್ಟನ್ನು, ಆಚೆ ಕಡೆ ತುಂಬಿದ ಡಿಸ್ಕನ್ನು, ನಿನ್ನೆಯ ಹಳೆಯ ಫೈಲನ್ನೇ ಎತ್ತಿಕೊಂಡ ನಮ್ಮ ಕೈಯನ್ನು ಅದು ತಡೆಯಲಾರದು. ತಪ್ಪು ಫೈಲನ್ನು ಅತ್ಯಂತ ಸುರಕ್ಷಿತವಾಗಿ ತಪ್ಪು ಜಾಗಕ್ಕೆ ತಲುಪಿಸಿದರೆ ಎಸ್‌ಎಸ್‌ಎಚ್ ತನ್ನ ಕರ್ತವ್ಯದಲ್ಲಿ ಲೋಪ ಮಾಡಿದಂತಲ್ಲ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆ ಈ ವಿಷಯ ಇನ್ನೂ ಹತ್ತಿರದ್ದು. ಲಿನಕ್ಸಿನ ಸಾಮಾನ್ಯ ಫೈಲ್‌ಸಿಸ್ಟಮ್ಮುಗಳಲ್ಲಿ ಒಂದು ಹೆಸರು 255 ಬೈಟು ಮೀರುವಂತಿಲ್ಲ. ಇಂಗ್ಲಿಷಿನವರಿಗೆ ಅದು 255 ಅಕ್ಷರ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು ಬೇಕು; ಒತ್ತು, ಗುಣಿತದ ಚಿಹ್ನೆಗಳಿಗೂ ಪ್ರತ್ಯೇಕ ಲೆಕ್ಕ. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ಕ್ರಿ’ ಆರು ಸಂಕೇತ, ಹದಿನೆಂಟು ಬೈಟು. ಅಲ್ಲಿಗೆ ಕನ್ನಡಿಗರ ಪಾಲಿಗೆ ಹೆಸರಿನ ಮಿತಿ 85 ಸಂಕೇತ. ವಿಂಡೋಸ್ ಲೆಕ್ಕ ಹಾಕುವುದು ಬೇರೆ ರೀತಿ, ಅಲ್ಲಿ ಕನ್ನಡದ 255 ಸಂಕೇತವೂ ಹಿಡಿಸುತ್ತದೆ. ಸಭೆಯ ಹೆಸರು, ಸಾಲು, ದಿನಾಂಕ, ನಡಾವಳಿ, ಪರಿಷ್ಕೃತ ಪ್ರತಿ ಎಂದೆಲ್ಲ ಸೇರಿಸಿ ನಮ್ಮ ಕಚೇರಿಯ ಶೈಲಿಯಲ್ಲಿ ಹೆಸರಿಟ್ಟ ಫೈಲು ವಿಂಡೋಸಿನಲ್ಲಿ ಸುಖವಾಗಿರುತ್ತದೆ. ಲಿನಕ್ಸ್ ಸರ್ವರಿಗೆ ಕಳಿಸುವಾಗ ಗುಂಪಿನಲ್ಲಿ ಅದೊಂದೇ ಹಿಂದೆ ಬೀಳುತ್ತದೆ. ಇದಾದರೂ ಹೆಸರು ಉದ್ದವಾಯಿತು ಎಂದು ಬಾಯಿಬಿಟ್ಟು ಹೇಳುವ ತಪ್ಪು. ಹಳೆಯ ಮ್ಯಾಕ್‌ಗಳದ್ದು ಮೌನದ ತಪ್ಪು. 2017ರಲ್ಲಿ ಎಪಿಎಫ್‌ಎಸ್ ಬರುವವರೆಗೆ ಮ್ಯಾಕ್ ಬಳಸುತ್ತಿದ್ದ ಎಚ್‌ಎಫ್‌ಎಸ್ ಪ್ಲಸ್, ಕೆಲವು ಅಕ್ಷರಗಳನ್ನು ಬಿಡಿಭಾಗಗಳಾಗಿ ಒಡೆದು ಇಟ್ಟುಕೊಳ್ಳುತ್ತಿತ್ತು. ‘ಕೋಲಾರ’ ಎಂಬ ಹೆಸರಿನ ‘ಕೋ’ದಲ್ಲಿರುವ ಓಕಾರ ಸಾಧಾರಣವಾಗಿ ಒಂದು ಸಂಕೇತ, ಅಲ್ಲಿ ಅದು ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಚಿಹ್ನೆ ಎಂದು ಮೂರಾಗುತ್ತಿತ್ತು. ಇಂಥ ಫೈಲನ್ನು, ಮೊದಲೇ ಒಂದು ‘ಕೋಲಾರ’ ಇರುವ ಲಿನಕ್ಸ್ ಸರ್ವರಿಗೆ ಕಳಿಸಿದರೆ, ಹಳೆಯದರ ಮೇಲೆ ಹೊಸದು ಕೂರುವುದಿಲ್ಲ. ಎರಡು ಕೋಲಾರಗಳು ಅಕ್ಕಪಕ್ಕ ಕೂರುತ್ತವೆ. ನೋಡಲು ಅವಳಿಜವಳಿ, ಕಂಪ್ಯೂಟರಿನ ಪಾಲಿಗೆ ಸಂಬಂಧವೇ ಇಲ್ಲದವು. ವೆಬ್‌ಸೈಟು ಹಳೆಯದನ್ನು ತೋರಿಸುತ್ತದೆ, ಕಳಿಸಿದವರು ಹೊಸದನ್ನು ಕಳಿಸಿದ್ದೇನೆಂದು ಆಣೆ ಮಾಡುತ್ತಾರೆ, ಇಬ್ಬರದ್ದೂ ಸರಿ. ಆರ್‌ಸಿಂಕ್ ಕಮಾಂಡಿನಲ್ಲಿ ಈ ಎರಡು ಪದ್ಧತಿಗಳ ನಡುವೆ ಹೆಸರು ಪರಿವರ್ತಿಸುವ ಐಕಾನ್ವ್ ಎಂಬ ಆಯ್ಕೆ ಇದೆ. ಆದರೆ ಈ ಜಗಳದ ಮೂಲ ಕಾಣಬೇಕಾದರೆ ಆಚೆ ಯಂತ್ರದ ಡೈರೆಕ್ಟರಿಯನ್ನು ತೆರೆದು, ಹೆಸರುಗಳ ಬೈಟುಗಳನ್ನು ಎಣಿಸಬೇಕು.

ಪ್ರತಿ ಸಲವೂ ಆಚೆ ಹೋಗಿ ತಾಳೆ ನೋಡುತ್ತ ಕೂತರೆ ಸಮಯ ಎಲ್ಲಿದೆ ಎನ್ನುವವರದು ತೂಕದ ಆಕ್ಷೇಪಣೆ. ಕಳಿಸಿದ್ದನ್ನೆಲ್ಲ ಎರಡೂ ಕಡೆ ಮತ್ತೊಮ್ಮೆ ಓದಿ ಎಸ್‌ಎಚ್‌ಎ-256 ಮೊತ್ತ ತೆಗೆಯುವುದು ದೊಡ್ಡ ಫೈಲುಗಳಿಗೆ ದುಬಾರಿಯೇ. ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ 1996ರಲ್ಲಿ ಹೊರತಂದ ಆರ್‌ಸಿಂಕ್ ಈ ಚೌಕಾಸಿಯಲ್ಲಿ ಒಂದು ನಿಲುವು ತೆಗೆದುಕೊಂಡಿದೆ: ಗಾತ್ರವೂ ಕೊನೆಯ ಬದಲಾವಣೆಯ ಸಮಯವೂ ಎರಡು ಕಡೆ ಒಂದೇ ಇದ್ದರೆ ಫೈಲು ಒಂದೇ ಎಂದು ನಂಬಿ ಮುಂದೆ ಹೋಗುತ್ತದೆ. ಸಾವಿರ ಸಲದಲ್ಲಿ ಬಹುಪಾಲು ಈ ನಂಬಿಕೆ ಸಲ್ಲುತ್ತದೆ. ಆದರೆ ಒಂದು ಕಾನ್ಫಿಗ್ ಫೈಲಿನಲ್ಲಿ ಪೋರ್ಟ್ ಸಂಖ್ಯೆ 8080 ಇದ್ದದ್ದು 8081 ಆಗಿ, ಫೈಲನ್ನು ಕಟ್ಟಿಕೊಟ್ಟ ಸಾಧನ ಎಲ್ಲ ಫೈಲಿಗೂ ಒಂದೇ ದಿನಾಂಕ ಒತ್ತುವಂಥದ್ದಾಗಿದ್ದರೆ, ಗಾತ್ರ ಅದೇ, ಸಮಯ ಅದೇ. ಆರ್‌ಸಿಂಕ್ ಏನೂ ಕಳಿಸದೆ ಸೊನ್ನೆ ಬಿಟ್ಟು ಹೊರಡುತ್ತದೆ. ಅದಕ್ಕೆಂದೇ ಚೆಕ್‌ಸಮ್ ಆಯ್ಕೆ ಕೊಟ್ಟಿದ್ದಾರೆ. ಎಲ್ಲದಕ್ಕೂ ಅದನ್ನು ಹಾಕಬೇಕೆಂದು ನಾನು ಹೇಳುತ್ತಿಲ್ಲ. ನಲವತ್ತು ಕಾನ್ಫಿಗ್ ಫೈಲಿನ ಮೊತ್ತ ತೆಗೆಯಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ, ಅಲ್ಲಿ ಜಿಪುಣತನ ಯಾಕೆ? ನೂರಾರು ಜಿಬಿಯ ವಿಡಿಯೋ ಇದ್ದರೆ ಸಂಖ್ಯೆ ಮತ್ತು ಗಾತ್ರ ನೋಡಿ ಸಾಕು ಮಾಡಬಹುದು. ಎಷ್ಟು ಆಳಕ್ಕೆ ನೋಡಬೇಕು ಎಂಬುದು ಫೈಲು ಕೆಟ್ಟರೆ ಆಗುವ ನಷ್ಟದ ಮೇಲೆ ನಿಲ್ಲುತ್ತದೆ. ನೋಡಲೇಬೇಕೇ ಎಂಬ ಪ್ರಶ್ನೆಗೆ ಮಾತ್ರ ಎರಡು ಉತ್ತರ ಇಲ್ಲ. ಸ್ಕ್ರಿಪ್ಟು ಯಾಕೆ, ಆನ್ಸಿಬಲ್‌ನಂಥ ಸಿದ್ಧ ಸಾಧನ ಬಳಸಿ ಎನ್ನುವವರೂ ಇದ್ದಾರೆ. ಬಳಸಬೇಕಾದ್ದೇ. ಅದರ ಕಾಪಿ ಮಾಡುವ ಭಾಗ ಮಾಡುವುದೂ ಇದನ್ನೇ: ಆಚೆ ಯಂತ್ರದಲ್ಲಿರುವ ಫೈಲಿನ ಚೆಕ್‌ಸಮ್ ತರಿಸಿಕೊಂಡು ತನ್ನ ಬಳಿಯಿರುವುದರ ಜೊತೆ ಹೋಲಿಸಿ, ಬೇರೆಯಾಗಿದ್ದರಷ್ಟೇ ಕಳಿಸುವುದು.

ಇನ್ನೊಂದು ಬಗೆಯ ಜನಕ್ಕೆ ವಾದವೇ ಬೇಡ. ಇನ್ನೊಂದು ಸಲ ಓಡಿಸಿ, ಸರಿಹೋಗುತ್ತದೆ ಎನ್ನುತ್ತಾರೆ. ಸರಿಹೋಗುವುದೂ ಉಂಟು, ಅದಕ್ಕೇ ಈ ಮದ್ದು ಇಷ್ಟು ಜನಪ್ರಿಯ. ಆದರೆ ಕಾನ್ಫಿಗ್ ಎಂಬ ಒಂದು ಇಡೀ ಡೈರೆಕ್ಟರಿಯನ್ನು ದೂರದ ಯಂತ್ರದಲ್ಲಿ ಅದೇ ಹೆಸರಿಗೆ ಎಸ್‌ಸಿಪಿ ಮಾಡಿ ನೋಡಿ. ಮೊದಲ ಸಲ ಅಲ್ಲಿ ಕಾನ್ಫಿಗ್ ಇರಲಿಲ್ಲ, ಆದ್ದರಿಂದ ಹೊಸದಾಗಿ ಹುಟ್ಟಿತು, ಎಲ್ಲ ನೆಟ್ಟಗಿದೆ. ಎರಡನೆಯ ಸಲ ಅದು ಈಗಾಗಲೇ ಇದೆ, ಆದ್ದರಿಂದ ಹೊಸದು ಹೋಗಿ ಹಳೆಯದರ ಹೊಟ್ಟೆಯೊಳಗೆ ಕೂರುತ್ತದೆ: ಕಾನ್ಫಿಗ್‌ನೊಳಗೊಂದು ಕಾನ್ಫಿಗ್. ಮೇಲಿರುವುದು ಮೊದಲ ಸಲ ಹೋದ ಫೈಲುಗಳೇ. ಪ್ರೋಗ್ರಾಮು ಓದುವುದು ಮೇಲಿನದನ್ನು. ಈಗ ಎಷ್ಟು ಸಲ ಓಡಿಸಿದರೂ ಹೊಟ್ಟೆಯೊಳಗಿನದು ಹೊಸದಾಗುತ್ತ ಹೋಗುತ್ತದೆ, ಹೊರಗಿನದು ಹಾಗೇ ಇರುತ್ತದೆ, ಸ್ಕ್ರಿಪ್ಟು ಪ್ರತಿ ಸಲವೂ ಸೊನ್ನೆ ಬಿಡುತ್ತದೆ. ಮತ್ತೆ ಓಡಿಸುವುದರಿಂದ ಹುಟ್ಟಿದ ತೊಂದರೆಯನ್ನು ಮತ್ತೆ ಓಡಿಸಿ ಪರಿಹರಿಸುವುದು ಹೇಗೆ? ಹತ್ತು ಸಲ ಓಡಿಸಿದರೂ ಒಮ್ಮೆ ಓಡಿಸಿದಷ್ಟೇ ಫಲ ಕೊಡುವ ಸ್ಕ್ರಿಪ್ಟಿಗೆ ಮಾತ್ರ ಈ ಮದ್ದು ಸುರಕ್ಷಿತ. ಅಂಥ ಸ್ಕ್ರಿಪ್ಟು ಹೌದೋ ಅಲ್ಲವೋ ಎಂದು ತಿಳಿಯುವುದಕ್ಕೂ ಎರಡನೆಯ ಸಲ ಓಡಿಸಿದ ಮೇಲೆ ಆಚೆ ಕಡೆಯ ಡೈರೆಕ್ಟರಿಯನ್ನೇ ನೋಡಬೇಕು.

ಹಾಗಾದರೆ ಕೆಟ್ಟ ಸ್ಕ್ರಿಪ್ಟು ಕೈಗೆ ಬಂದಾಗ ಏನು ಮಾಡುವುದು? ಸ್ಕ್ರಿಪ್ಟು ತಿದ್ದಲು ಎಡಿಟರ್ ತೆರೆಯುವ ಮೊದಲು, ಫೈಲು ಹೋಗಿಲ್ಲ ಎನ್ನುವ ಯಂತ್ರಗಳಲ್ಲಿ ಒಂದನ್ನು ಆರಿಸಿ ಅಲ್ಲಿಗೆ ಲಾಗಿನ್ ಆಗುವುದು. ಸ್ಕ್ರಿಪ್ಟು ಯಾವ ಹೆಸರಿನಲ್ಲಿ ಒಳಗೆ ಬರುತ್ತದೋ ಅದೇ ಹೆಸರಿನಲ್ಲಿ ಬರುವುದು, ನಿಮ್ಮ ಸ್ವಂತ ಹೆಸರಿನಲ್ಲಲ್ಲ. ಡಿಸ್ಕಿನಲ್ಲಿ ಜಾಗವಿದೆಯೇ, ಡೈರೆಕ್ಟರಿಯಲ್ಲಿ ಬರೆಯುವ ಹಕ್ಕಿದೆಯೇ, ಇರುವ ಫೈಲಿನ ಗಾತ್ರ ಎಷ್ಟು, ಅದರ ಒಡೆಯ ಯಾರು ಎಂದು ನೋಡುವುದು. ಕೈಯಲ್ಲಿ ಓಡಿಸಿದರೆ ಸರಿ, ರಾತ್ರಿ ನಿಗದಿತ ಹೊತ್ತಿಗೆ ಕಮಾಂಡು ಓಡಿಸುವ ಕ್ರಾನ್ ಓಡಿಸಿದರೆ ಕೆಡುತ್ತದೆ ಎಂಬ ದೂರಿದ್ದರೆ, ಕ್ರಾನ್‌ಗೆ ಕಮಾಂಡುಗಳನ್ನು ಎಲ್ಲಿ ಹುಡುಕಬೇಕೆಂದು ಹೇಳುವ ನಿಮ್ಮ ಪಾತ್ ಗೊತ್ತಿಲ್ಲ, ನೀವು ಲಾಗಿನ್ ಆದಾಗ ತೆರೆದ ಎಸ್‌ಎಸ್‌ಎಚ್ ಕೀಲಿಯೂ ಅದರ ಬಳಿ ಇಲ್ಲ. ಅಲ್ಲಿ ಬಹುತೇಕ ಸಲ ಬೇರೆ ಏನನ್ನೂ ಹುಡುಕಬೇಕಿಲ್ಲ. ಆಮೇಲೆ ಒಂದು ಫೈಲು, ಒಂದು ಯಂತ್ರ, ಒಂದು ಬದಲಾವಣೆ. ಎಲ್ಲ ಸರಿಹೋಯಿತು ಎನ್ನಿಸಿದ ಮೇಲೂ ಒಂದು ಕೆಲಸ ಬಾಕಿ ಇದೆ, ಅದನ್ನು ಮಾಡುವವರು ಅಪರೂಪ: ಬೇಕೆಂದೇ ಸ್ಕ್ರಿಪ್ಟನ್ನು ಸೋಲಿಸುವುದು. ಎಲ್ಲೂ ಇಲ್ಲದ ಯಂತ್ರದ ಹೆಸರೊಂದನ್ನು ಪಟ್ಟಿಗೆ ಸೇರಿಸಿ, ಒಂದು ಯಂತ್ರದ ಕೇಬಲ್ಲು ಕಿತ್ತು, ಒಂದರಲ್ಲಿ ಡೈರೆಕ್ಟರಿಯ ಬರೆಯುವ ಹಕ್ಕು ತೆಗೆದು, ಇನ್ನೊಂದರಲ್ಲಿ ಫೈಲು ತಲುಪಿದೊಡನೆ ಅದರ ಕೊನೆಯ ಸಾಲು ಅಳಿಸಿಹೋಗುವಂತೆ ಮಾಡಿ ಓಡಿಸುವುದು. ಮೊದಲ ಮೂರನ್ನು ಸಾಧಾರಣ ಸ್ಕ್ರಿಪ್ಟೂ ಹಿಡಿದೀತು. ನಾಲ್ಕನೆಯದನ್ನು ಹಿಡಿಯಬೇಕಾದರೆ ಕಳಿಸಿದ ಮೇಲೆ ಆಚೆ ಹೋಗಿ ಮೊತ್ತ ತೆಗೆದು ತರುವ ಸಾಲೊಂದು ಅದರಲ್ಲಿ ಇರಬೇಕು. ಆ ಸಾಲನ್ನೂ ಅದರ ಬೆನ್ನಿಗೆ ಬೇಕಾದ ಎರಡನ್ನೂ ಸೇರಿಸಿದರೆ ಹತ್ತು ಸಾಲಿನ ಸ್ಕ್ರಿಪ್ಟು ಹದಿಮೂರಾಗುತ್ತದೆ: ಮೊತ್ತ ತರಿಸಲು ಒಂದು, ಹೋಲಿಸಲು ಒಂದು, ತಾಳೆಯಾಗದ ಯಂತ್ರದ ಹೆಸರನ್ನು ಬೇರೆ ಫೈಲಿಗೆ ಬರೆಯಲು ಒಂದು.